‘ಏಕಾಏಕಿ’ ಎಂಬ ಪದದ ಬಗ್ಗೆ ಒಂದು ಮನವಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಜಿಲ್ಲೆಯ ಪುಟಗಳಲ್ಲಿ ನಾಯಿ ಕಡಿತದ ಸುದ್ದಿ ಬಂದಾಗಲೆಲ್ಲ ಒಂದು ಪದ ತಪ್ಪದೆ ಜೊತೆಗಿರುತ್ತದೆ. ಅಂಗಳದಲ್ಲಿ ಆಡುತ್ತಿದ್ದ ಬಾಲಕನ ಮೇಲೆ ನಾಯಿ ‘ಏಕಾಏಕಿ’ ಎರಗಿತು, ಡೇರಿಗೆ ಹಾಲು ಹಾಕಿ ಬರುತ್ತಿದ್ದ ಮಹಿಳೆಯನ್ನು ಪಕ್ಕದ ಮನೆಯ ಸಾಕುನಾಯಿ ‘ಏಕಾಏಕಿ’ ಕಚ್ಚಿತು ಎಂದು ಓದುತ್ತೇವೆ. ಇದಕ್ಕಾಗಿ ವರದಿಗಾರರನ್ನು ದೂರುವುದು ನನ್ನ ಉದ್ದೇಶವಲ್ಲ. ಕಚ್ಚಿಸಿಕೊಂಡವರು ಹೇಳಿದ್ದನ್ನು ಅವರು ಬರೆಯುತ್ತಾರೆ, ಕಚ್ಚಿಸಿಕೊಂಡವರಿಗೆ ಅದು ಹಾಗೆಯೇ ಕಂಡಿರುತ್ತದೆ. ನಮ್ಮ ಮನೆಯ ನಾಯಿಯೇ ನನ್ನ ತಮ್ಮನಿಗೆ ಕಚ್ಚಿದ ದಿನ ಆಸ್ಪತ್ರೆಯಲ್ಲಿ ನಾನೂ ಇದೇ ಪದವನ್ನು ಹೇಳಿ ಬರೆಸಿದ್ದೆ. ಅದು ತಪ್ಪು ಎಂದು ಗೊತ್ತಾದದ್ದು ಎರಡು ದಿನ ಕಳೆದ ಮೇಲೆ, ಮೊಮ್ಮಗಳ ಮೊಬೈಲ್ ನೋಡಿದಾಗ.

ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನಮ್ಮದೊಂದು ಮಾವಿನ ತೋಪಿದೆ. ಈ ಕಡೆ ತೋಪು ಎಂದ ಮೇಲೆ ಕಾವಲಿಗೆ ನಾಯಿ ಇರಲೇಬೇಕು. ನಮ್ಮ ಕೆಂಪ ಊರಿನ ನಾಟಿ ನಾಯಿ, ಕಂದು ಬಣ್ಣ, ಬೆನ್ನ ಮೇಲೆ ಸುರುಳಿ ಸುತ್ತಿದ ಬಾಲ. ಎರಡು ವರ್ಷ ತುಂಬುವ ಹೊತ್ತಿಗೆ ಅದಕ್ಕೊಂದು ಅಭ್ಯಾಸ ಶುರುವಾಯಿತು. ತಟ್ಟೆಯ ಹತ್ತಿರ ಯಾರಾದರೂ ಬಂದರೆ ಗುರ್ ಎನ್ನುತ್ತಿತ್ತು. ಮನೆಯಲ್ಲಿ ಮಕ್ಕಳು ಓಡಾಡುತ್ತಾರೆಂಬ ಆತಂಕದಿಂದ, ಪರಿಚಿತರೊಬ್ಬರ ಸಲಹೆಯಂತೆ ವಾರಕ್ಕೆರಡು ದಿನ ಬಂದು ಕಲಿಸುವ ತರಬೇತುದಾರರೊಬ್ಬರನ್ನು ಗೊತ್ತು ಮಾಡಿದೆವು. ‘ಮನೆಯ ಯಜಮಾನ ಯಾರು ಅನ್ನೋದು ಮೊದಲು ಅದಕ್ಕೆ ತಿಳೀಬೇಕು ಸಾರ್’ ಎಂಬುದು ಅವರ ಮೊದಲ ಮಾತು. ಕೊರಳಿಗೆ ಬಿಗಿಯುವ ಸರಪಳಿ ಹಾಕಿದರು. ಕೆಂಪ ಗುರ್ ಎಂದಾಗಲೆಲ್ಲ ಸರಪಳಿಯನ್ನು ಜಗ್ಗಿ, ಅದನ್ನು ಅಂಗಾತ ಕೆಡವಿ, ಸುಮ್ಮನಾಗುವವರೆಗೂ ಕುತ್ತಿಗೆ ಅದುಮಿ ಹಿಡಿಯುತ್ತಿದ್ದರು. ಮೂರು ವಾರಗಳಲ್ಲಿ ಗುರುಗುಟ್ಟುವುದು ನಿಂತೇಹೋಯಿತು. ನಾವು ಸಂತೋಷದಿಂದ ಫೀಸಿನ ಜೊತೆಗೆ ಒಂದು ಬುಟ್ಟಿ ಬಾದಾಮಿ ಹಣ್ಣನ್ನೂ ಕೊಟ್ಟು ಕಳುಹಿಸಿದೆವು. ಕೆಂಪ ತಮ್ಮನಿಗೆ ಕಚ್ಚಿದ್ದು ಅದಾದ ಮೂರನೆಯ ತಿಂಗಳು.

ಹಬ್ಬಕ್ಕೆ ಬಂದಿದ್ದ ಮೊಮ್ಮಗಳು ಆ ಸಂಜೆ ಜಗಲಿಯ ಮೇಲೆ ಕುಳಿತು ಸುಮ್ಮನೆ ವಿಡಿಯೊ ತೆಗೆಯುತ್ತಿದ್ದಳು. ಅದನ್ನು ನಿಧಾನಗತಿಯಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಕೆಂಪ ಮುದ್ದೆ ತಿನ್ನುತ್ತಿದೆ. ತಮ್ಮ ಹಿಂದಿನಿಂದ ಬಂದು ಪಕ್ಕದ ನೀರಿನ ಬೋಗುಣಿಯನ್ನು ಎತ್ತಲು ಬಾಗುತ್ತಾನೆ. ಮೊದಲು ನಾಯಿಯ ಬಾಯಿ ಅಗಿಯುವುದನ್ನು ನಿಲ್ಲಿಸುತ್ತದೆ, ಆಮೇಲೆ ಮೈಯೆಲ್ಲ ತಟ್ಟೆಯ ಮೇಲೆ ಕುಗ್ಗಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ತಲೆ ಎತ್ತುವುದಿಲ್ಲ, ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿ, ಗುಡ್ಡೆಯ ಅಂಚಿನಲ್ಲಿ ಬಿಳಿ ಭಾಗ ಬಿದಿಗೆಯ ಚಂದ್ರನ ಹಾಗೆ ಕಾಣುತ್ತದೆ. ನಾಲಿಗೆ ಒಮ್ಮೆ ಹೊರಬಂದು ಮೂಗನ್ನು ಸವರಿ ಒಳಗೆ ಹೋಗುತ್ತದೆ. ಸದಾ ಸುರುಳಿಯಾಗಿರುವ ಬಾಲ ಬಿಚ್ಚಿಕೊಂಡು ಕೆಳಗಿಳಿದಿದೆ. ಇದಾವುದನ್ನೂ ನೋಡದ ನನ್ನ ತಮ್ಮ ‘ಏನೋ ಕೆಂಪಾ’ ಎಂದು ಪ್ರೀತಿಯಿಂದಲೇ ಅದರ ನೆತ್ತಿಯ ಮೇಲೆ ಕೈ ಇಡುತ್ತಾನೆ. ಅಗಿಯುವುದು ನಿಂತಲ್ಲಿಂದ ಹಲ್ಲು ಊರುವವರೆಗೆ ಸುಮಾರು ನಾಲ್ಕು ಸೆಕೆಂಡು. ಒಬ್ಬ ಮನುಷ್ಯ ಕೈ ಹಿಂದಕ್ಕೆಳೆದುಕೊಳ್ಳಲು ಅಷ್ಟು ಹೊತ್ತು ಧಾರಾಳವಾಗಿ ಸಾಕು. ಆ ನಾಲ್ಕು ಸೆಕೆಂಡಿನಲ್ಲಿ ಇಲ್ಲದೇ ಇದ್ದದ್ದು ಒಂದೇ, ನಮ್ಮಂಥ ಕಿವುಡರಿಗೂ ಕೇಳಿಸಬಹುದಾಗಿದ್ದ ಆ ಗುರ್ ಎಂಬ ಸದ್ದು. ಅದನ್ನು ನಾವೇ ದುಡ್ಡು ಕೊಟ್ಟು ತೆಗೆಸಿದ್ದೆವು.

ತಮ್ಮನ ಕೈಯನ್ನು ಕೂಡಲೇ ನಲ್ಲಿಯ ಕೆಳಗೆ ಹಿಡಿಸಿ 15 ನಿಮಿಷ ಸೋಪಿನಿಂದ ತೊಳೆಸಿದೆವು. ಕೆಂಪನಿಗೆ ಪ್ರತಿವರ್ಷ ರೇಬಿಸ್ ಲಸಿಕೆ ಹಾಕಿಸುತ್ತಿದ್ದರೂ ತಮ್ಮ ಸರ್ಕಾರಿ ಆಸ್ಪತ್ರೆಗೆ ಹೋಗಿ ಅಂದು, 3ನೇ, 7ನೇ ಮತ್ತು 28ನೇ ದಿನ ಚುಚ್ಚುಮದ್ದು ಪಡೆದ. ಕೆಂಪನನ್ನು ಹತ್ತು ದಿನ ಕಟ್ಟಿಹಾಕಿ ಗಮನಿಸಿದೆವು. ‘ಮನೆ ನಾಯಿ ತಾನೆ, ಅರಿಶಿಣ ಹಚ್ಚಿದರೆ ಸಾಕು’ ಎನ್ನುವವರು ನಮ್ಮ ಬೀದಿಯಲ್ಲಿಯೇ ಇರುವುದರಿಂದ ಇಷ್ಟನ್ನು ಬರೆಯಬೇಕಾಯಿತು. ಹುಚ್ಚು ಹಿಡಿದ ನಾಯಿಯ ವಿಷಯ ಬೇರೆಯೇ. ರೋಗ ಮಿದುಳಿಗೆ ಏರಿದ ಪ್ರಾಣಿಯ ನಡವಳಿಕೆಗೆ ಈ ಪತ್ರದ ಯಾವ ಮಾತೂ ಅನ್ವಯಿಸುವುದಿಲ್ಲ. ಬೀದಿನಾಯಿಗಳನ್ನು ಎಲ್ಲಿಡಬೇಕು ಎಂಬ, ಸುಪ್ರೀಂ ಕೋರ್ಟ್‌ವರೆಗೆ ಹೋಗಿರುವ ಪ್ರಶ್ನೆಯನ್ನೂ ನಾನಿಲ್ಲಿ ಎತ್ತುತ್ತಿಲ್ಲ. ನನ್ನ ಮಾತು ಮನೆಯಲ್ಲಿ, ತೋಪಿನಲ್ಲಿ ನಾವೇ ಸಾಕಿ, ನಾವೇ ಕಲಿಸುವ ನಾಯಿಯ ಕುರಿತದ್ದು.

‘ಯಜಮಾನ’ನ ಈ ಸಿದ್ಧಾಂತ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ತೋಳಗಳ ಕಥೆ ಸಿಕ್ಕಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ಆವರಣದಲ್ಲಿ ಕೂಡಿಟ್ಟಿದ್ದ ತೋಳಗಳನ್ನು ಗಮನಿಸಿದ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ, ಅವು ಮೇಲಿನ ಸ್ಥಾನಕ್ಕಾಗಿ ಸದಾ ಹೊಡೆದಾಡುತ್ತವೆ ಎಂದು 1947ರಲ್ಲಿ ಬರೆದ. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ತನ್ನ ಪುಸ್ತಕದಲ್ಲಿ ಅದೇ ಮಾತನ್ನು ಮುಂದುವರಿಸಿದ್ದರಿಂದ, ಗುಂಪಿನ ಯಜಮಾನ ಎಂಬ ಅರ್ಥದ ‘ಆಲ್ಫಾ’ ಎಂಬ ಪದ ಊರೂರು ಸುತ್ತಿತು. ಆದರೆ ಇದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ ಹಲವು ಬೇಸಿಗೆಗಳ ಕಾಲ ಕಾಡುತೋಳಗಳ ಹತ್ತಿರವಿದ್ದು ನೋಡಿದಾಗ ಕಂಡದ್ದೇ ಬೇರೆ. ಕಾಡಿನ ತೋಳದ ಗುಂಪು ಎಂದರೆ ಸಾಮಾನ್ಯವಾಗಿ ಒಂದು ಸಂಸಾರ. ಮುಂದಾಳುಗಳು ಎಂದರೆ ಹೋರಾಡಿ ಗೆದ್ದವರಲ್ಲ, ಅಪ್ಪ ಅಮ್ಮ. 1999ರಲ್ಲಿ ಆತ ತನ್ನ ಹಳೆಯ ಮಾತನ್ನು ತಾನೇ ತಿದ್ದಿಕೊಂಡು ಬರೆದ. ಬರೆದವನೇ ಕೈಬಿಟ್ಟ ಸಿದ್ಧಾಂತವನ್ನು ಹಿಡಿದುಕೊಂಡು ಕೋಲಾರ ಜಿಲ್ಲೆಯ ಅಂಗಳದಲ್ಲಿ ಇನ್ನೂ ನಾಯಿಗಳ ಕುತ್ತಿಗೆ ಅದುಮುತ್ತಿದ್ದೇವೆ. ಅಲ್ಲದೆ ನಾಯಿ ತೋಳವೂ ಅಲ್ಲ, ಸಾವಿರಾರು ವರ್ಷಗಳಿಂದ ಮನುಷ್ಯನ ಒಲೆಯ ಪಕ್ಕದಲ್ಲಿ ಬೆಳೆದ ಜೀವ.

ಕೆಂಪನ ಸಮಸ್ಯೆಗೆ ದಾರಿ ತೋರಿದವರು ಕೋಲಾರದ ಒಬ್ಬ ನಿವೃತ್ತ ಪಶುವೈದ್ಯರು. ಮೊದಲ ಅರ್ಧ ಗಂಟೆ ಅವರು ತರಬೇತಿಯ ಮಾತನ್ನೇ ಎತ್ತಲಿಲ್ಲ. ಹಲ್ಲು, ಕಿವಿ, ಸೊಂಟವನ್ನು ಮುಟ್ಟಿ ನೋಡಿದರು. ಎಲ್ಲೋ ನೋವಿರುವ ನಾಯಿ ಮುಟ್ಟಿದವರ ಮೇಲೆ ಹಲ್ಲು ಕಿರಿಯುತ್ತದೆ, ಅದಕ್ಕೆ ಬೇಕಾದದ್ದು ಔಷಧ, ಶಿಸ್ತಲ್ಲ ಎಂದರು. ನೋವೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಕೇಳಿದ ಪ್ರಶ್ನೆ, ‘ನೀವು ತಟ್ಟೆ ಹತ್ತಿರ ಹೋದಾಗಲೆಲ್ಲ ಅದಕ್ಕೆ ಏನಾಗುತ್ತೆ?’ ಎಂಬುದು. ಉತ್ತರ ನಮ್ಮ ಬಾಯಲ್ಲೇ ಇತ್ತು. ಒಂದೋ ನಾವು ತಟ್ಟೆ ಎತ್ತಿಕೊಳ್ಳುತ್ತಿದ್ದೆವು, ಇಲ್ಲವೇ ಬೈಯುತ್ತಿದ್ದೆವು, ಕೊನೆಗೆ ಕುತ್ತಿಗೆ ಅದುಮಿಸಿದೆವು. ಜನ ಹತ್ತಿರ ಬಂದರೆ ಕೆಡುಕೇ ಆಗುತ್ತದೆ ಎಂಬ ಪಾಠವನ್ನು ಕೆಂಪ ಚೆನ್ನಾಗಿಯೇ ಕಲಿತಿತ್ತು.

ಅವರು ಹೇಳಿಕೊಟ್ಟ ಕ್ರಮ ನೋಡಲು ಸಪ್ಪೆ. ಕೆಂಪ ಉಣ್ಣುವಾಗ, ಅದು ಅಗಿಯುವುದನ್ನು ನಿಲ್ಲಿಸದಷ್ಟು ದೂರದಲ್ಲಿ ಹಾದುಹೋಗುತ್ತಾ ಬೇಯಿಸಿದ ಮೊಟ್ಟೆಯ ಒಂದು ಚೂರನ್ನು ತಟ್ಟೆಯ ಕಡೆ ಎಸೆದು, ನಿಲ್ಲದೆ ಮುಂದೆ ನಡೆಯಬೇಕು. ಮೊದಲ ದಿನ ಆ ದೂರ ಹತ್ತು ಹೆಜ್ಜೆ. ಬಾಯಿ ನಿಂತರೆ, ಮೈ ಬಿಗಿದರೆ ನಾವು ಹತ್ತಿರ ಬಂದದ್ದು ಹೆಚ್ಚಾಯಿತೆಂದು ತಿಳಿದು ಮರುದಿನ ಇನ್ನೆರಡು ಹೆಜ್ಜೆ ಹಿಂದಿನಿಂದ ಶುರು ಮಾಡಬೇಕು. ತಟ್ಟೆಯ ಪಕ್ಕಕ್ಕೆ ಬರಲು ಎರಡು ತಿಂಗಳು ಹಿಡಿಯಿತು. ನಡುವೆ ಒಂದು ಸಂಜೆ ನಾನು ಬರುವುದನ್ನು ಕಂಡು ಕೆಂಪ ತಟ್ಟೆಯಿಂದ ತಾನಾಗಿ ತಲೆ ಎತ್ತಿ, ಬಾಯಿ ಸಡಿಲವಾಗಿ ತೆರೆದು, ಸೊಂಟದ ಸಮೇತ ಬಾಲ ಆಡಿಸುತ್ತಾ ನಿಂತಿತು. ಗಂಟೆಯ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರಿದ ಪಾವ್ಲೊವ್‌ನ ಪಾಠವನ್ನು ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ. (ಆತನಿಗೆ 1904ರಲ್ಲಿ ನೊಬೆಲ್ ಬಂದದ್ದು ಮಾತ್ರ ಜೀರ್ಣಕ್ರಿಯೆಯ ಸಂಶೋಧನೆಗೆ.) ಅದೇ ಪಾಠ ನಮ್ಮ ಹಿತ್ತಿಲಲ್ಲಿ ನಡೆಯಿತು, ಗಂಟೆಯ ಜಾಗದಲ್ಲಿ ನಾನಿದ್ದೆ ಅಷ್ಟೆ.

ದೇಹದ ಭಾಷೆಯನ್ನು ಓದುವುದರಲ್ಲಿ ನಾವು ಹೆಚ್ಚು ಎಡವುವುದು ಬಾಲದ ವಿಷಯದಲ್ಲಿ. ಬಾಲ ಅಲ್ಲಾಡಿದರೆ ಸ್ನೇಹ ಎಂದೇ ತಿಳಿಯುತ್ತೇವೆ. ಅಲ್ಲಾಡುವ ಬಾಲ ಹೇಳುವುದು ನಾಯಿಯ ಮನಸ್ಸು ಕೆರಳಿದೆ ಎಂಬುದನ್ನಷ್ಟೆ. ಯಾವ ಕಡೆಗೆ ಕೆರಳಿದೆ ಎಂಬುದನ್ನು ಉಳಿದ ಮೈ ಹೇಳಬೇಕು. ಎತ್ತರಕ್ಕೆ ಸೆಟೆದು ಚಿಕ್ಕ ಚಿಕ್ಕದಾಗಿ ನಡುಗುವ ಬಾಲದ ಹತ್ತಿರ ಯಾರೂ ಕೈ ಚಾಚಬಾರದು. ಇಟಲಿಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಾಯಿಗಳು ಒಡೆಯನನ್ನು ಕಂಡಾಗ ಬಾಲವನ್ನು ತಮ್ಮ ಬಲಗಡೆಗೆ, ಜೋರು ಮಾಡುವ ಅಪರಿಚಿತ ನಾಯಿಯನ್ನು ಕಂಡಾಗ ಎಡಗಡೆಗೆ ಹೆಚ್ಚು ವಾಲಿಸಿ ಆಡಿಸುತ್ತವೆ ಎಂದು ಕಂಡುಬಂತು. ಇಷ್ಟು ಸೂಕ್ಷ್ಮವನ್ನು ಬರಿಗಣ್ಣಿನಲ್ಲಿ ಹಿಡಿಯುವುದು ಕಷ್ಟ, ಆದರೂ ಬಾಲಕ್ಕೆ ಒಂದೇ ಅರ್ಥವಿಲ್ಲವೆಂಬುದಕ್ಕೆ ಅದು ಸಾಕ್ಷಿ. ‘ನಾಯಿ ಬಾಲ ಡೊಂಕು’ ಎಂದು ಗಾದೆ ಮಾಡಿದ ನಾವು ಆ ಡೊಂಕನ್ನೂ ಓದಲು ಕಲಿಯಬೇಕಿತ್ತು. ನಮ್ಮ ನಾಟಿ ನಾಯಿಗಳ ಬಾಲ ಸಹಜವಾಗಿಯೇ ಮೇಲಕ್ಕೆ ಸುತ್ತಿಕೊಂಡಿರುವುದರಿಂದ ಅದು ಎಷ್ಟು ಬಿಚ್ಚಿದೆ, ಎಷ್ಟು ಇಳಿದಿದೆ ಎಂಬುದನ್ನೇ ನೋಡಬೇಕು.

ನಾರ್ವೆಯ ತರಬೇತುದಾರ್ತಿ ಟುರಿಡ್ ರೂಗೋಸ್ ಅವರು ನಾಯಿಗಳ ಇಂಥ ಸಣ್ಣ ಚರ್ಯೆಗಳಿಗೆ ಶಮನದ ಸಂಜ್ಞೆಗಳು ಎಂಬ ಅರ್ಥದ ಹೆಸರಿಟ್ಟರು. ಮುಖ ತಿರುಗಿಸುವುದು, ಮೂಗು ಸವರಿಕೊಳ್ಳುವುದು, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ನೆಲ ಮೂಸುವ ನೆಪ ಮಾಡುವುದು, ಮುಂಗಾಲೊಂದನ್ನು ಎತ್ತಿ ನಿಲ್ಲುವುದು, ಇವೆಲ್ಲ ‘ನನಗೆ ಕಸಿವಿಸಿಯಾಗುತ್ತಿದೆ, ಸ್ವಲ್ಪ ತಡೆ’ ಎನ್ನುವ ಬಗೆಗಳು. ಹಾಗೆಂದು ಆಕಳಿಸಿದ ನಾಯಿಯೆಲ್ಲ ಹೆದರಿದೆ ಎಂದುಕೊಂಡರೆ ಅದೂ ತಪ್ಪೇ. ಮಲಗಿ ಎದ್ದ ನಾಯಿಯೂ ಆಕಳಿಸುತ್ತದೆ, ಉಂಡ ನಾಯಿಯೂ ಮೂತಿ ಸವರಿಕೊಳ್ಳುತ್ತದೆ. ಒಂದು ಚಿಹ್ನೆಯನ್ನು ಒಂಟಿಯಾಗಿ ನೋಡದೆ, ಎದುರಿಗೆ ಏನು ನಡೆಯುತ್ತಿದೆ ಎಂಬುದರ ಜೊತೆಗಿಟ್ಟು ಓದಬೇಕು.

ಮನೆಯಲ್ಲಿ ಎಲ್ಲರೂ ತಪ್ಪಾಗಿ ಓದುವ ಇನ್ನೊಂದು ಮುಖವಿದೆ. ಚಪ್ಪಲಿ ಕಚ್ಚಿ ಹರಿದಿಟ್ಟ ನಾಯಿ ಕಿವಿ ಇಳಿಬಿಟ್ಟು, ಬಾಲವನ್ನು ಹಿಂಗಾಲ ಸಂದಿಗೆ ಸೇರಿಸಿ, ಕಣ್ಣು ತಪ್ಪಿಸಿ ಕುಳಿತಾಗ ‘ನೋಡಿ, ತಪ್ಪು ಮಾಡಿದ್ದು ಅದಕ್ಕೇ ಗೊತ್ತು’ ಎಂದು ಎರಡೇಟು ಹಾಕುತ್ತೇವೆ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತಪ್ಪು ಮಾಡಿದ ನಾಯಿಗೂ ಮಾಡದ ನಾಯಿಗೂ ಈ ಮುಖದಲ್ಲಿ ವ್ಯತ್ಯಾಸ ಕಾಣಲಿಲ್ಲ, ಒಡೆಯ ಗದರಿದಾಗ ಅದು ಹೆಚ್ಚಾಯಿತು. ಅಂದರೆ ಅದು ಪಶ್ಚಾತ್ತಾಪವಲ್ಲ, ನಮ್ಮ ಸಿಟ್ಟಿಗೆ ಅದು ಕೊಡುವ ಉತ್ತರ. ಅದಕ್ಕೆ ಮತ್ತೆ ಹೊಡೆದರೆ ನಾಯಿ ಕಲಿಯುವುದು ಚಪ್ಪಲಿಯ ಬಗ್ಗೆ ಅಲ್ಲ, ನಮ್ಮ ಬಗ್ಗೆ.

ತೋಪಿನ ಕಾವಲು ನಾಯಿಗಳನ್ನು ಹಗಲಿಡೀ ಮೊಳದುದ್ದದ ಸರಪಳಿಯಲ್ಲಿ ಕಟ್ಟುವ ನಮ್ಮ ರೈತ ಬಂಧುಗಳಿಗೂ ಒಂದು ಮಾತು. ಹೆದರಿದ ನಾಯಿಯ ಮೊದಲ ಆಯ್ಕೆ ದೂರ ಸರಿಯುವುದು. ಸರಪಳಿ ಆ ಆಯ್ಕೆಯನ್ನು ಕಿತ್ತುಕೊಂಡ ಮೇಲೆ ಅದಕ್ಕೆ ಉಳಿಯುವುದು ಹಲ್ಲು ಮಾತ್ರ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯ 11ನೇ ಸೆಕ್ಷನ್, ವಿಪರೀತ ಗಿಡ್ಡ ಇಲ್ಲವೇ ಭಾರವಾದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದನ್ನೂ, ಸದಾ ಕಟ್ಟಿಟ್ಟ ನಾಯಿಯನ್ನು ಅಡ್ಡಾಡಿಸದೇ ಇರುವುದನ್ನೂ ಅಪರಾಧ ಎನ್ನುತ್ತದೆ. ನಾವೀಗ ಕೆಂಪನನ್ನು ಎರಡು ಮರಗಳ ನಡುವೆ ಎಳೆದ ತಂತಿಗೆ ಉದ್ದ ಹಗ್ಗ ಜೋಡಿಸಿ ಬಿಡುತ್ತೇವೆ. ಸಂಜೆ ಅರ್ಧ ಗಂಟೆ ಕೆರೆಯ ಏರಿಯ ಮೇಲೆ ನಡೆಸುತ್ತೇವೆ.

ಆಜ್ಞೆಯ ಪದಗಳ ಗೊಂದಲವೂ ನಮ್ಮ ಕಡೆ ಸ್ವಲ್ಪ ವಿಶೇಷ. ತರಬೇತುದಾರರು ‘ಸಿಟ್’ ಎಂದು ಕಲಿಸಿ ಹೋದರು, ನಾನು ‘ಕೂತ್ಕೋ’ ಎನ್ನುತ್ತೇನೆ, ನನ್ನ ತಾಯಿ ತೆಲುಗಿನಲ್ಲಿ ‘ಕೂರ್ಚೋ’ ಎನ್ನುತ್ತಾರೆ. ಕೆಂಪ ಮೂರನ್ನೂ ಬಿಟ್ಟು ನಮ್ಮ ಕೈ ನೋಡುತ್ತದೆ ಎಂದು ತಿಳಿಯಲು ನಮಗೆ ಬಹಳ ಕಾಲ ಬೇಕಾಯಿತು. ಈಗ ಮೂವರೂ ಅಂಗೈಯನ್ನು ಒಂದೇ ರೀತಿ ಮೇಲೆತ್ತುತ್ತೇವೆ, ಭಾಷೆಯ ಜಗಳವಿಲ್ಲ.

ಸಂಪಾದಕರೇ, ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಸಾಕುನಾಯಿ ಕಚ್ಚಿದ ಸುದ್ದಿ ಬರೆಯುವಾಗ, ಕಚ್ಚುವ ಮುಂಚಿನ ಒಂದು ನಿಮಿಷ ಅಲ್ಲಿ ಏನು ನಡೆಯುತ್ತಿತ್ತು, ನಾಯಿ ಕಟ್ಟಿಹಾಕಿತ್ತೇ, ಉಣ್ಣುತ್ತಿತ್ತೇ, ಮರಿ ಹಾಕಿತ್ತೇ, ಮಗು ಅದನ್ನು ತಬ್ಬಿಕೊಂಡಿತ್ತೇ ಎಂಬುದನ್ನು ಕೇಳಿ ಒಂದು ಸಾಲು ಸೇರಿಸುವಂತೆ ವರದಿಗಾರರಿಗೆ ತಿಳಿಸಬೇಕು. ಉತ್ತರ ಸಿಗದಿದ್ದರೆ ‘ಏಕಾಏಕಿ’ ಎಂಬ ಪದವನ್ನಾದರೂ ಬಿಡಬಹುದು. ಹಾಗೆಯೇ ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ಲಸಿಕೆ ಹಾಕಿಸಲು ಜನ ನಾಯಿಗಳನ್ನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಕಣ್ಣಿನ ಬಿಳಿ, ಇಳಿದ ಬಾಲ, ಎತ್ತಿದ ಮುಂಗಾಲು ಎಲ್ಲವೂ ಆ ಸಾಲಿನಲ್ಲಿ ಜೀವಂತವಾಗಿ ಕಾಣಸಿಗುತ್ತವೆ. ಅಲ್ಲಿನ ವೈದ್ಯರು ಹತ್ತು ನಿಮಿಷ ಬಿಡುವು ಮಾಡಿಕೊಂಡು ಅದನ್ನೇ ತೋರಿಸಿ ಹೇಳುವಂತೆ ಪಶುಪಾಲನಾ ಇಲಾಖೆ ವ್ಯವಸ್ಥೆ ಮಾಡಿದರೆ ಪ್ರತ್ಯೇಕ ಶಿಬಿರದ ಖರ್ಚೂ ಬೇಕಾಗುವುದಿಲ್ಲ. ಮೊಮ್ಮಗಳ ಆ ವಿಡಿಯೊ ಉಪಯೋಗಕ್ಕೆ ಬರುವುದಾದರೆ ಕೊಡಲು ನನ್ನ ತಮ್ಮ ಒಪ್ಪಿದ್ದಾನೆ.

ಇಂತಿ ತಮ್ಮ ಓದುಗ,
ಒಬ್ಬ ಮಾವು ಬೆಳೆಗಾರ
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ