ಪ್ರೆಲ್ಯೂಡ್ ಮುಗಿಯಿತು, ಲಾವೊಷಿಗೆ ನಮಸ್ಕಾರ

ಕಳೆದ ಭಾನುವಾರ ಶಾಂಘೈನಲ್ಲಿ, ನಮ್ಮ ಟೀಚರ್ ಮನೆಯ ಹಾಲ್‌ನಲ್ಲಿ, ಇಪ್ಪತ್ತು ಜನರ ಮುಂದೆ ಚೆಲ್ಲೊ ನುಡಿಸಿದೆ. ಜರ್ಮನ್ ಸಂಗೀತ ರಚನಕಾರ ಬಾಹ್‌ನ ಮೊದಲನೇ ಸ್ವೀಟ್‌ನ (ತಿನ್ನೋ ಸ್ವೀಟ್ ಅಲ್ಲ, ಸಂಗೀತದ ತುಣುಕುಗಳ ಮಾಲೆ) ಪ್ರೆಲ್ಯೂಡ್, ಅಂದ್ರೆ ಆರಂಭದ ತುಣುಕು. ಹೆಚ್ಚು ಅಂದ್ರೆ ಮೂರು ನಿಮಿಷದ ಸಂಗೀತ. ನನಗೆ ಮೂರು ವರ್ಷ ಹಿಡಿಯಿತು.

ಮೊದಲ ನಮಸ್ಕಾರ ನಮ್ಮ ಲಾವೊಷಿಗೆ. ಇಲ್ಲಿ ಮೇಷ್ಟ್ರು, ಮೇಡಂ ಇಬ್ಬರಿಗೂ ಅದೇ ಮಾತು. ಅವರು ಈ ಊರಲ್ಲೇ ಹುಟ್ಟಿ, ಜರ್ಮನಿಯಲ್ಲಿ ಕಲಿತು, ಯುರೋಪಿನ ಆರ್ಕೆಸ್ಟ್ರಾಗಳಲ್ಲಿ ವರ್ಷಗಟ್ಟಲೆ ನುಡಿಸಿ, ಪಾಠ ಹೇಳಬೇಕು ಅಂತಲೇ ವಾಪಸ್ ಬಂದವರು. ನಲವತ್ತು ದಾಟಿದ ನನ್ನಂಥವಳನ್ನು ಯಾಕೆ ಸೇರಿಸಿಕೊಂಡರೋ.

ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತಿದ್ದೆ. ಚೀನೀ ಭಾಷೆಯಲ್ಲಿ ಪಿಟೀಲಿಗೆ ಶ್ಯಾವೊತಿಛಿನ್, ಚೆಲ್ಲೊಗೆ ದಾತಿಛಿನ್. ಶ್ಯಾವೊ ಚಿಕ್ಕದು, ದಾ ದೊಡ್ಡದು. ಹಾಗಾದ್ರೆ ದೊಡ್ಡ ಪಿಟೀಲು ತಾನೇ ಅಂದುಕೊಂಡು ಹೋದೆ. ಮೊದಲ ದಿನವೇ ಜಂಬ ಇಳಿಯಿತು. ನನ್ನ ಬೆರಳು ಸ್ವರದಿಂದ ಸ್ವರಕ್ಕೆ ಜಾರುತ್ತಿತ್ತು. ಲಾವೊಷಿಗೆ ಜಾರೋದೇ ಬೇಡ. "ಇಲ್ಲಿ ಎತ್ತು, ಅಲ್ಲಿ ಇಡು" ಅಂತ ಒಂದು ವರ್ಷ ಹೇಳಿದರು, ಒಮ್ಮೆಯೂ ದನಿ ಏರಿಸದೆ.

ಆಮೇಲೆ ನಾನು ಮೆಟ್ಟಿಲಲ್ಲಿ ಜಾರಿದೆ. ಎಡ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಬಿಟ್ಟುಬಿಡ್ತೀನಿ ಅಂದೆ. ಲಾವೊಷಿ "ಕೈಗೆ ರಜ, ಕಿವಿಗಿಲ್ಲ" ಅಂದು ಚೀನೀ ಚೆಲ್ಲೊವಾದಕ ಜಿಯಾನ್ ವಾಂಗ್ ನುಡಿಸಿದ ಬಾಹ್ ಸ್ವೀಟ್‌ಗಳನ್ನು ಕೇಳಲು ಕೊಟ್ಟರು.

ಹಾಗಾಗಿ ಎರಡನೇ ನಮಸ್ಕಾರ, ನಾನು ಕಂಡೇ ಇಲ್ಲದ ವಾಂಗ್ ಅವರಿಗೆ. 1968ರಲ್ಲಿ ಷಿಯಾನ್‌ನಲ್ಲಿ ಹುಟ್ಟಿದವರು. ಪಾಶ್ಚಾತ್ಯ ಸಂಗೀತವನ್ನೇ ಅನುಮಾನದಿಂದ ನೋಡುತ್ತಿದ್ದ ಸಾಂಸ್ಕೃತಿಕ ಕ್ರಾಂತಿಯ ಕಾಲ ಅದು. ನಾಲ್ಕನೇ ವಯಸ್ಸಿಗೆ ಅಪ್ಪನೇ ಚೆಲ್ಲೊ ಹಿಡಿಸಿದರು. 1979ರಲ್ಲಿ ಪಿಟೀಲುವಾದಕ ಐಸಾಕ್ ಸ್ಟರ್ನ್ ಚೀನಾಕ್ಕೆ ಬಂದಾಗ ಈ ಹುಡುಗ ನುಡಿಸಿದ್ದು ಸಾಕ್ಷ್ಯಚಿತ್ರವೊಂದರಲ್ಲಿ ಸೇರಿತು. ಆ ಪುಟ್ಟ ಮುಖದ ಗಾಂಭೀರ್ಯ ನೋಡಬೇಕು! ಮುಂದೆ ಅಮೆರಿಕದ ಯೇಲ್‌ನಲ್ಲಿ ಆಲ್ಡೊ ಪರಿಸೊ ಅವರ ಹತ್ತಿರ ಕಲಿಕೆ, ದೊಡ್ಡ ದೊಡ್ಡ ಆರ್ಕೆಸ್ಟ್ರಾಗಳ ಜೊತೆ ಕಛೇರಿ. ಅವರ ಕೈಯಲ್ಲಿರುವ 1622ರ ಅಮಾಟಿ ಚೆಲ್ಲೊ (ಇಟಲಿಯ ಹೆಸರಾಂತ ವಾದ್ಯ ತಯಾರಕರ ಮನೆತನದ್ದು) ಕೂಡ ವಾದ್ಯ ಸಂಗ್ರಾಹಕ ಸಾವ್-ವಿಂಗ್ ಲ್ಯಾಮ್ ಅವರ ಮನೆಯವರು ನುಡಿಸಲು ಕೊಟ್ಟಿದ್ದು. ಅಷ್ಟು ದೊಡ್ಡ ವಾದಕರಿಗೂ ಯಾರೋ ಕೈ ಹಿಡಿದವರು ಇದ್ದರು ಅಂತ ತಿಳಿದಾಗ ನನಗೆ ಸುಮ್ನೆ ಸಮಾಧಾನ ಆಯಿತು. ಈಗ ಅವರೇ ಶಾಂಘೈ ಸಂಗೀತ ವಿದ್ಯಾಲಯದಲ್ಲಿ ಕಲಿಸುತ್ತಾರೆ.

ಆರು ವಾರ ಅದನ್ನೇ ಕೇಳಿದೆ. ಅವರಿಗೆ ಅವಸರವೇ ಇಲ್ಲ. ಸ್ವೀಟ್‌ಗಳೊಳಗಿನ ನಿಧಾನ ಗತಿಯ ಸರಬಾಂದ್‌ಗಳಲ್ಲಂತೂ ಒಂದು ಸ್ವರ ಪೂರ್ತಿ ಆರಿದ ಮೇಲೇ ಇನ್ನೊಂದು ಅನ್ನಿಸುತ್ತದೆ. ಪ್ಲಾಸ್ಟರ್ ಬಿಚ್ಚಿ ಮತ್ತೆ ಕಮಾನು ಹಿಡಿದಾಗ ನನ್ನ ಅವಸರವೂ ಜಾಸ್ತಿ ಉಳಿದಿರಲಿಲ್ಲ.

ಕೆಳಗಿನ ಮನೆಯ ಅಜ್ಜಿಗೂ ಥ್ಯಾಂಕ್ಸ್. ಮೂರು ವರ್ಷ ಒಂದೇ ನಾಲ್ಕು ಸಾಲು ಕೇಳಿಯೂ ಜಗಳಕ್ಕೆ ಬರಲಿಲ್ಲ. ಭಾನುವಾರ ಬಂದು ಪೂರ್ತಿ ಕೇಳಿ, "ಓ, ಮುಂದೆ ಹೀಗಿದೆಯಾ!" ಅಂದರು.

ಮೈಸೂರಿನಲ್ಲಿ ಅಮ್ಮ ವಿಡಿಯೊ ನೋಡಿ ಫೋನ್ ಮಾಡಿದ್ದರು. "ಶಂಕರಾಭರಣದ ಹಾಗಿದೆ ಕಣೇ. ಆದ್ರೆ ಮಧ್ಯೆ ಆ ರಾಗದಲ್ಲಿಲ್ಲದ ಪ್ರತಿಮಧ್ಯಮ ಸ್ವರ ಯಾಕೆ ಬಂತು? ತಪ್ಪು ನುಡಿಸಿದೆಯಾ?" ಇಲ್ಲಮ್ಮಾ, ಅದು ಬಾಹ್ ಬರೆದದ್ದೇ. ಯಾಕೆ ಬರೆದ ಅಂತ ಮಂಗಳವಾರದ ಪಾಠದಲ್ಲಿ ಲಾವೊಷಿಯನ್ನೇ ಕೇಳಿ ಹೇಳ್ತೀನಿ.