ಕಾರಂಜಾ ದಂಡೆಯ ಕಾಕಾಗೆ ಥ್ಯಾಂಕ್ಸ್

ಭಾನುವಾರ ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದ ದಂಡೆಯಲ್ಲಿ ಮೀನು ಹಿಡಿಯುವ ನನ್ನ ಗಾಳದ ದಾರ ಸುತ್ತುವ ರೀಲು ಸರಿಮಾಡಿಕೊಟ್ಟ ಕಾಕಾ, ನಿಮಗೆ ತುಂಬಾ ಥ್ಯಾಂಕ್ಸ್. ದಾರ ಪದೇ ಪದೇ ಹುರಿಗೊಂಡು ಗಂಟಾಗುತ್ತಿತ್ತು. ಅಂಗಡಿಯವರು ದಾರವನ್ನೇ ಬದಲಿಸಿ ಎಂದಿದ್ದರು. ನೀವು ನೋಡಿದ್ದು ದಾರ ಹಾದುಹೋಗುವ ಪುಟ್ಟ ರೋಲರನ್ನು. ಮಣ್ಣು ಕೂತು ಅದು ತಿರುಗುತ್ತಲೇ ಇರಲಿಲ್ಲ. ಸ್ಕ್ರೂ ಬಿಚ್ಚಿ, ಒರೆಸಿ, ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟಿರಿ. ಅಷ್ಟೇ! ರೋಲರಿಗೆ ಎಣ್ಣೆ, ಒಳಗಿನ ಗೇರಿಗೆ ಗ್ರೀಸು, ಮೀನು ಎಳೆದಾಗ ದಾರಕ್ಕೆ ಬ್ರೇಕ್ ಹಾಕುವ ಡ್ರ್ಯಾಗಿನ ವಾಷರಿಗೆ ಮಾತ್ರ ಈ ಎಣ್ಣೆ ತಾಗಿಸಬೇಡ ಅಂದಿರಿ. ಈಗ ಮನೆಗೆ ಬಂದ ಕೂಡಲೇ ಡ್ರ್ಯಾಗ್ ಸಡಿಲ ಮಾಡಿಡುತ್ತೇನೆ. ಬಿಗಿಯಾಗಿಟ್ಟರೆ ವಾಷರು ಒತ್ತಿ ಚಪ್ಪಟೆಯಾಗುತ್ತದೆ, ಅಲ್ವಾ? ಚಹಾನೂ ಬೇಡ ಎಂದು ಸುಮ್ನೆ ಬೈಕ್ ಹತ್ತಿಬಿಟ್ಟಿರಿ. ಮತ್ತೆ ಸಿಕ್ಕರೆ ಬಿಡುವುದಿಲ್ಲ. ರಾಡಿನ ತುದಿಯ ರಿಂಗ್ ಸವೆದು ದಾರ ಕೊಯ್ಯುತ್ತಿದೆ, ಅದನ್ನೂ ನಿಮಗೇ ತೋರಿಸಬೇಕು.