ಸೈಕಲ್ ಹೊಡೆಯುವವರ ಮೇಲೆ ರಸ್ತೆ ತೆರಿಗೆ ಬೇಡ: ಕಲಬುರಗಿ ಮೇಯರ್ ಅವರಿಗೆ ಬಹಿರಂಗ ಪತ್ರ

ಮಾನ್ಯ ಮೇಯರ್ ಅವರೇ,

ಶರಣು ಶರಣಾರ್ಥಿ.

ನಾನು ಗಂಜ್ ಮಾರುಕಟ್ಟೆಯ ಒಂದು ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಇಪ್ಪತ್ತಾರು ವರ್ಷ ಆಯಿತು. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಸೈಕಲ್ಲೇ. ಹೋದ ಮಳೆಗಾಲದಲ್ಲಿ ಒಂದು ಮುಂಜಾನೆ ಸೇಡಂ ರಸ್ತೆಯಲ್ಲಿ ಒಬ್ಬರು ನನಗೊಂದು ಮಾತು ಅಂದರು. ಅದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಅದಕ್ಕೇ ಈ ಪತ್ರ.

ಎಡಗಡೆ ಒಂದು ಟಂಟಂ ಆಟೋ ನಿಂತಿತ್ತು. ಅದನ್ನು ದಾಟಲು ಸ್ವಲ್ಪ ಬಲಕ್ಕೆ ಬಂದೆ. ಹಿಂದಿನಿಂದ ಒಂದು ಕಾರು ಹಾರ್ನ್ ಹೊಡೆಯುತ್ತಲೇ ಬಂತು. ಪಕ್ಕಕ್ಕೆ ಬಂದಾಗ ಗಾಜು ಇಳಿಯಿತು. ಒಳಗಿದ್ದ ಹುಡುಗನಿಗೆ ನನ್ನ ಮಗನಷ್ಟು ವಯಸ್ಸು. ‘ರೋಡ್ ಟ್ಯಾಕ್ಸ್ ಕಟ್ತೀರೇನ್ರಿ ನೀವು? ಕಟ್ಟೋರು ನಾವು. ಬಾಜೂ ಸರೀರಿ!’ ಅಂದ. ನಾನು ಬಾಜೂ ಸರಿದೆ. ಡಾಂಬರು ಮುಗಿದಲ್ಲಿ ಗೇಣುದ್ದ ತಗ್ಗು. ಮುಂದಿನ ಗಾಲಿ ಅದರಲ್ಲಿ ಇಳಿಯಿತು, ನಾನು ಬಿದ್ದೆ. ಅಂಗೈ ತರಚಿತು, ಬುತ್ತಿ ಡಬ್ಬಿ ಉರುಳಿ ಕೆಸರಿಗೆ ಹೋಯಿತು. ಗಾಯ ನಾಲ್ಕು ದಿನಕ್ಕೆ ಮಾಯಿತು.

ಸಂಜೆ ಚಹಾ ಕುಡಿಯುವಾಗ ಗೆಳೆಯರಿಗೆ ಹೇಳಿದೆ. ಇಬ್ಬರು ಆ ಹುಡುಗನ ಪರ ಮಾತಾಡಿದರು! ‘ಅವ ಅಂದದ್ದರಾಗ ತಪ್ಪೇನದ? ವರ್ಷಕ್ಕ ನೂರು ರೂಪಾಯಿ ಕಟ್ಟಿಬಿಡ್ರಿ, ಆಮೇಲೆ ಯಾರೂ ಮಾತಾಡಂಗಿಲ್ಲ’ ಅಂದರು. ಅವರು ಕೆಟ್ಟವರಲ್ಲ, ನನ್ನ ಕಷ್ಟಸುಖಕ್ಕೆ ಆಗುವವರೇ. ಇಂಥವರಿಗೂ ಹೀಗೆ ಅನಿಸುತ್ತದೆ ಅಂದರೆ ನಾಳೆ ಯಾರಾದರೂ ಈ ಮಾತನ್ನು ಬಜೆಟ್ ಸಭೆಗೂ ತರಬಹುದು. ಅದಕ್ಕೆ ಮೊದಲೇ ನಿಮ್ಮ ಮುಂದೆ ನಮ್ಮ ಮಾತು ಇಡುತ್ತಿದ್ದೇನೆ.

ಸೈಕಲ್ ಮೇಲೆ ತೆರಿಗೆ ಹಾಕಲು ಕಾನೂನಿನಲ್ಲಿ ಜಾಗ ಇಲ್ಲವೇ? ಇದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯ ಪಟ್ಟಿ ಅಂತ ಇದೆ. ಅದರ 57ನೇ ನಮೂದು ರಸ್ತೆ ಮೇಲೆ ಓಡುವ ವಾಹನಗಳ ತೆರಿಗೆಗೆ ಸಂಬಂಧಿಸಿದ್ದು. ಯಂತ್ರದಿಂದ ಓಡಲಿ, ಓಡದಿರಲಿ, ಎರಡೂ ಅದರಲ್ಲಿ ಬರುತ್ತವೆ. ಹಿಂದೆ ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಸೈಕಲ್‌ಗೆ ತೆರಿಗೆ ಇತ್ತು. ಕಟ್ಟಿದವರಿಗೆ ಒಂದು ಬಿಲ್ಲೆ ಕೊಡುತ್ತಿದ್ದರು. ನಮ್ಮಪ್ಪನ ಬಿಲ್ಲೆ ಇನ್ನೂ ನಮ್ಮ ಟ್ರಂಕಿನಲ್ಲಿದೆ. ತೆಳು ತಗಡು, ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. ತಂತಿ ಪೋಣಿಸಲು ಒಂದು ತೂತು. ಅಕ್ಷರ ಸವೆದಿವೆ, ನಂಬರ್ ಮಾತ್ರ ಕಾಣುತ್ತದೆ. ಅದನ್ನು ಹ್ಯಾಂಡಲ್ ಕೆಳಗೆ ಕಟ್ಟಿ ಅಪ್ಪ ಎರಡು ಸಲ ಜಗ್ಗಿ ನೋಡುತ್ತಿದ್ದರು. ಬಿಲ್ಲೆ ಇಲ್ಲದೆ ಸಿಕ್ಕಿಬಿದ್ದರೆ ಗಾಲಿಯ ಹವಾ ಬಿಡುತ್ತಾರೆ ಅನ್ನುವ ಹೆದರಿಕೆ. ಬಿಲ್ಲೆ ಮಾಡಿಸಲು ಕೈಯಲ್ಲಿ ದುಡ್ಡಿಲ್ಲದ ವರ್ಷ ಅಪ್ಪ ಓಣಿ ಓಣಿ ಸುತ್ತಿ ಗಂಜ್‌ಗೆ ಬರುತ್ತಿದ್ದರಂತೆ. ದುಡಿಯಲು ಹೋಗುವ ಮನುಷ್ಯ ಕಳ್ಳನ ಹಾಗೆ ಅಡ್ಡದಾರಿ ಹಿಡಿಯಬೇಕಾಗಿತ್ತು. ಆ ಕಾಲ ಮತ್ತೆ ಬರುವುದು ಬೇಡ.

ಇನ್ನು ‘ನೀವು ಕಟ್ಟುವುದಿಲ್ಲ’ ಅನ್ನುವ ಮಾತು. ನಾವು ಕಟ್ಟುತ್ತೇವೆ ಸ್ವಾಮಿ. ಸೈಕಲ್ ಕೊಂಡಾಗ ಜಿಎಸ್‌ಟಿ ಕೊಟ್ಟಿದ್ದೇವೆ. 2025ರ ಸೆಪ್ಟೆಂಬರ್ 22ರ ತನಕ ಅದು ಶೇ. 12 ಇತ್ತು, ಆಮೇಲೆ ಶೇ. 5ಕ್ಕೆ ಇಳಿಯಿತು. ಟೈರಿಗೂ ಚೈನಿಗೂ ಕೊಡುತ್ತೇವೆ. ಸ್ವಂತ ಮನೆ ಇದ್ದವರು ಮನೆ ತೆರಿಗೆ ಕಟ್ಟುತ್ತಾರೆ. ಬಾಡಿಗೆಯವರ ಬಾಡಿಗೆಯಲ್ಲೇ ಅದು ಸೇರಿರುತ್ತದೆ. ಓಣಿಯ ರಸ್ತೆ, ಚರಂಡಿ, ಬೀದಿ ದೀಪ ಆಗುವುದು ಈ ಮನೆ ತೆರಿಗೆಯಿಂದ ಮತ್ತು ಸರ್ಕಾರದ ಅನುದಾನದಿಂದ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕಾರಿನವರು ಕಟ್ಟುವ ಜೀವಮಾನ ತೆರಿಗೆ 1957ರ ರಾಜ್ಯ ಕಾಯ್ದೆಯ ಪ್ರಕಾರ ರಾಜ್ಯದ ಖಜಾನೆಗೆ ಹೋಗುತ್ತದೆ. ಅಲ್ಲಿಂದ ಶಾಲೆ, ಆಸ್ಪತ್ರೆ, ಪೆನ್ಷನ್, ರಸ್ತೆ, ಎಲ್ಲದಕ್ಕೂ ಹಂಚಿಕೆ ಆಗುತ್ತದೆ. ಅದು ರಸ್ತೆಯನ್ನು ಖರೀದಿ ಮಾಡಿದ ಚೀಟಿ ಅಲ್ಲ. ಇಂಗ್ಲೆಂಡಿನಲ್ಲೂ ಸೈಕಲ್‌ನವರಿಗೆ ಇದೇ ಮಾತು ಅನ್ನುವವರು ಇದ್ದಾರೆ. ವಾಹನ ತೆರಿಗೆಯನ್ನು ರಸ್ತೆಗೆಂದೇ ಎತ್ತಿಡುವುದನ್ನು ಅಲ್ಲಿ 1937ರಲ್ಲೇ ನಿಲ್ಲಿಸಿದ್ದಾರೆ. ಮಾತು ಮಾತ್ರ ಉಳಿದುಕೊಂಡಿದೆ.

ಪೆಟ್ರೋಲಿನ ಮೇಲೆ ಕಾರಿನವರು ಜಾಸ್ತಿ ಕಟ್ಟುತ್ತಾರೆ, ನಿಜ. ಆದರೆ ರಸ್ತೆ ಸವೆಸುವವರು ಯಾರು? ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರ ತನಕ ಇದನ್ನೇ ಪರೀಕ್ಷೆ ಮಾಡಿದರು. ಇದಕ್ಕೆಂದೇ ರಸ್ತೆ ಕಟ್ಟಿ, ಅದರ ಮೇಲೆ ಬೇರೆ ಬೇರೆ ಭಾರದ ಲಾರಿಗಳನ್ನು ಎರಡು ವರ್ಷ ಓಡಿಸಿದರು. ಅಲ್ಲಿಂದ ಬಂದ ಅಂದಾಜಿನ ಸೂತ್ರವನ್ನು ಎಂಜಿನಿಯರುಗಳು ಇವತ್ತಿಗೂ ಬಳಸುತ್ತಾರೆ. ಗಾಡಿಯ ಅಚ್ಚಿನ ಮೇಲೆ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿ ಹದಿನಾರು ಪಟ್ಟು ಆಗುತ್ತದೆ. ಈಗ ನಮ್ಮ ಲೆಕ್ಕ ಹಾಕೋಣ. ನಾನು, ನನ್ನ ಸೈಕಲ್ ಸೇರಿ 90 ಕೆಜಿ. ಒಂದು ಅಚ್ಚಿಗೆ 45. ಜನ ಕೂತ ಕಾರು 1350 ಕೆಜಿ ಅಂದುಕೊಳ್ಳಿ. ಒಂದು ಅಚ್ಚಿಗೆ 675. ಭಾರ ಹದಿನೈದು ಪಟ್ಟು. ಹಾನಿ? ನಾಲ್ಕು ಹದಿನೈದನ್ನು ಒಂದಕ್ಕೊಂದು ಗುಣಿಸಬೇಕು (15×15×15×15), 50,625 ಪಟ್ಟು. ಕಾರಿಗೆ ಜೀವಮಾನ ತೆರಿಗೆ ಒಂದು ಲಕ್ಷ ಅಂತ ಹಿಡಿದರೆ ನನ್ನ ಪಾಲು ಎರಡು ರೂಪಾಯಿ. ಅದೂ ಜೀವಮಾನಕ್ಕೆ. ಅದನ್ನು ವಸೂಲಿ ಮಾಡಲು ಪಾವತಿ ಪುಸ್ತಕ, ಬಿಲ್ಲೆ, ಆಳು, ಕೌಂಟರ್ ಎಲ್ಲ ಬೇಕಲ್ವಾ? ನಾನು ಈ ಲೆಕ್ಕವನ್ನು ನಮ್ಮ ಸಾಹುಕಾರರ ಮುಂದೆ ಇಟ್ಟರೆ ಅವರು ಖಾತೆಯನ್ನೇ ಮುಚ್ಚಿಸುತ್ತಾರೆ.

ತೆರಿಗೆ ಯಾರ ಮೇಲೆ ಬೀಳುತ್ತದೆ ಅನ್ನುವುದನ್ನು ನೋಡಬೇಕಾದರೆ ಮುಂಜಾನೆ ಏಳು ಗಂಟೆಗೆ ಹುಮನಾಬಾದ್ ರಿಂಗ್ ರಸ್ತೆಗೆ ಬನ್ನಿ. ಸುತ್ತಲಿನ ಹಳ್ಳಿಗಳಿಂದ ಗೌಂಡಿಗಳು ಬರುತ್ತಿರುತ್ತಾರೆ. ನಮ್ಮ ಓಣಿಯಲ್ಲೂ ಒಬ್ಬ ಗೌಂಡಿ ಕಾಕಾ ಇದ್ದಾರೆ, ಅರವತ್ತು ದಾಟಿದೆ. ಸೈಕಲ್ಲಿನ ನಡುವೆ ಗೋಣಿಚೀಲ, ಅದರಲ್ಲಿ ಕರಣಿ, ಓಳಂಬ, ಮಟ್ಟದ ಕೋಲು. ಹ್ಯಾಂಡಲ್‌ಗೆ ಬುತ್ತಿ ಗಂಟು. ಎರಡು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ, ಶೇಂಗಾ ಹಿಂಡಿ. ಕೆಲಸ ಸಿಕ್ಕ ದಿನ ಕೂಲಿ, ಸಿಗದ ದಿನ ಹಾಗೇ ವಾಪಸ್. ಬಸ್ಸಿಗೆ ಹೋಗಿಬರುವ ಖರ್ಚು ಉಳಿಯಲಿ ಅಂತಲೇ ಅವರು ಸೈಕಲ್ ಹೊಡೆಯುವುದು. ಕಪನೂರ ಇಂಡಸ್ಟ್ರಿಯಲ್ ಏರಿಯಾಗೆ ಹೋಗುವ ವಾಚ್‌ಮನ್‌ಗಳು, ದಾಲ್ ಮಿಲ್ಲಿನ ಹಮಾಲರು, ಪೇಪರ್ ಹಾಕುವ ಹುಡುಗರು, ಇವರೇ ನಮ್ಮ ಊರಿನ ಸೈಕಲ್‌ನವರು. ಹವ್ಯಾಸಕ್ಕೆ ಹೊಡೆಯುವವರೂ ಇದ್ದಾರೆ, ಅವರಿಗೂ ಒಳ್ಳೆಯದಾಗಲಿ. ಆದರೆ ನೂರು ರೂಪಾಯಿಯ ಪೆಟ್ಟು ಬೀಳುವುದು ಕಾಕಾ ಮೇಲೆ.

ಮಳೆಗಾಲದಲ್ಲಿ ನಮ್ಮ ಕರಿ ಮಣ್ಣು ನಿಮಗೆ ಗೊತ್ತೇ ಇದೆ. ಹಾರ್ನ್‌ಗೆ ಹೆದರಿ ಡಾಂಬರು ಬಿಟ್ಟು ಕೆಳಗೆ ಇಳಿದರೆ ಗಾಲಿಗೆ ಮಣ್ಣು ಮೆತ್ತುತ್ತದೆ. ಮಡ್‌ಗಾರ್ಡಿನ ಒಳಗೆ ತುಂಬಿ ಗಾಲಿ ತಿರುಗುವುದೇ ಇಲ್ಲ. ಕಾಕಾ ಕ್ಯಾರಿಯರ್‌ನಲ್ಲಿ ಒಂದು ಬಿದಿರಿನ ಚಕ್ಕೆ ಸಿಗಿಸಿಕೊಂಡಿರುತ್ತಾರೆ, ಮಣ್ಣು ಕೆರೆದು ತೆಗೆಯಲು. ಹತ್ತು ಹೆಜ್ಜೆ, ಮತ್ತೆ ಕೆರೆಯುವುದು. ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊರುತ್ತಾರೆ. ‘ಬಾಜೂ ಸರೀರಿ’ ಅನ್ನುವವರಿಗೆ ಆ ಬಾಜೂ ಹೇಗಿದೆ ಅಂತ ಗೊತ್ತಿಲ್ಲ.

ನಮ್ಮ ಕಡೆಯ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ರಾತ್ರಿ ರಿಫ್ಲೆಕ್ಟರ್ ಇಲ್ಲದೆ ಓಡಾಡುತ್ತೇವೆ. ದೂರ ಸುತ್ತುವುದು ಬೇಡ ಅಂತ ಎದುರಿನಿಂದ ಬರುತ್ತೇವೆ. ಅದಕ್ಕೆ ದಂಡ ಹಾಕಿ, ಬೇಡ ಅನ್ನುವುದಿಲ್ಲ. ತಪ್ಪಿಗೆ ದಂಡ ಬೇರೆ, ರಸ್ತೆಯಲ್ಲಿ ಇರುವುದಕ್ಕೇ ತೆರಿಗೆ ಬೇರೆ.

ಬೇರೆ ಕಡೆ ಹಾಕಿದ್ದಾರಲ್ಲ ಅಂತ ಕೇಳುವವರಿದ್ದಾರೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 2018ರಿಂದ ಹೊಸ ಸೈಕಲ್ ಕೊಂಡರೆ 15 ಡಾಲರ್ ತೆರಿಗೆ ಇದೆ. ಆದರೆ ಅದು 200 ಡಾಲರ್ ಮತ್ತು ಮೇಲ್ಪಟ್ಟ ಸೈಕಲ್‌ಗಳಿಗೆ, ಕೊಳ್ಳುವಾಗ ಒಂದೇ ಸಲ. ಸ್ವಿಟ್ಜರ್ಲೆಂಡಿನಲ್ಲಿ ಸೈಕಲ್‌ಗೆ ವರ್ಷ ವರ್ಷ ಒಂದು ಸ್ಟಿಕ್ಕರ್ ಹಚ್ಚಬೇಕಾಗಿತ್ತು. ಅದು ವಿಮೆಗಾಗಿ ಇದ್ದದ್ದು. 2012ರಲ್ಲಿ ಅದನ್ನೂ ಬಿಟ್ಟರು.

ನಮ್ಮ ರಾಜ್ಯ ಸೈಕಲ್ ಕೈಗೆ ಕೊಟ್ಟ ರಾಜ್ಯ. 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ನನ್ನ ತಂಗಿಯ ಮಗಳು ಅದೇ ಸೈಕಲ್ ಮೇಲೆ ಪಕ್ಕದ ಊರಿನ ಹೈಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಅವಳ ಓಣಿಯಲ್ಲಿ ಅಲ್ಲಿಯ ತನಕ ಹೈಸ್ಕೂಲ್ ಮೆಟ್ಟಿಲು ಹತ್ತಿದ ಹುಡುಗಿಯರೇ ಕಡಿಮೆ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅಂತ ಬಾಡಿಗೆ ಸೈಕಲ್ ವ್ಯವಸ್ಥೆ ಬಂತು, ಅದಕ್ಕೆ ನಿಲ್ದಾಣಗಳಾದವು. ಕೇಂದ್ರದ 2006ರ ನಗರ ಸಾರಿಗೆ ನೀತಿಯೇ ನಡೆಯುವವರಿಗೂ ಸೈಕಲ್‌ನವರಿಗೂ ರಸ್ತೆಯಲ್ಲಿ ಜಾಗ ಕೊಡಿ ಅನ್ನುತ್ತದೆ. ಅಂದಮೇಲೆ ಕಲಬುರಗಿಯಲ್ಲಿ ಯಾಕೆ ಆಗಬಾರದು?

ನಾವು ಕೇಳುವುದು ದೊಡ್ಡದಲ್ಲ. ಹೊಸ ರಸ್ತೆ ಮಾಡಿಸುವಾಗ ಡಾಂಬರಿನ ಅಂಚಿಗೆ ಎರಡೂ ಕಡೆ ಮುರುಮ್ (ಗರಸು ಮಣ್ಣು) ಹಾಕಿ ರೋಲರ್ ಹೊಡೆಸಿ, ತಗ್ಗು ಇರದ ಹಾಗೆ. ಸಾಧ್ಯವಿರುವ ಕಡೆ, ಮುಖ್ಯವಾಗಿ ರಿಂಗ್ ರಸ್ತೆಯಲ್ಲಿ, ಸೈಕಲ್‌ಗೆ ಒಂದು ಗೆರೆ ಎಳೆಸಿ. ಸೂಪರ್ ಮಾರ್ಕೆಟ್, ಗಂಜ್, ಬಸ್ ನಿಲ್ದಾಣದಲ್ಲಿ ನೆರಳಿರುವ ಸೈಕಲ್ ಸ್ಟ್ಯಾಂಡ್ ಬೇಕು. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಸೈಕಲ್ಲಿನ ಸೀಟಿನ ಮೇಲೆ ಕೈ ಇಡಲು ಆಗುವುದಿಲ್ಲ, ಟ್ಯೂಬ್ ಒಡೆಯುತ್ತದೆ. ದುಡ್ಡು ಸಾಲದಿದ್ದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ನೀವೇ ಪ್ರಸ್ತಾವ ಕಳಿಸಿ. ಸಂವಿಧಾನದ 371(ಜೆ) ವಿಧಿ ಬಂದದ್ದು ಈ ಭಾಗದ ಜನರಿಗಾಗಿ. ಸೈಕಲ್ ಹೊಡೆಯುವವರೂ ಈ ಭಾಗದ ಜನರೇ.

ಬಜೆಟ್‌ಗೆ ಮುಂಚೆ ನಾಗರಿಕರ ಸಭೆ ಕರೆದರೆ ನಾನು ಬರುತ್ತೇನೆ. ಅಪ್ಪನ ಬಿಲ್ಲೆಯನ್ನೂ ತರುತ್ತೇನೆ. ಗೌಂಡಿ ಕಾಕಾ ಅವರನ್ನೂ ಕರೆದಿದ್ದೇನೆ, ಬರಲು ಒಪ್ಪಿದ್ದಾರೆ. ಒಂದೇ ಬಿನ್ನಹ. ಸಭೆಯನ್ನು ಸಂಜೆ ಆರರ ನಂತರ ಇಡಿ. ಹಗಲು ಇಟ್ಟರೆ ಅವರಿಗೆ ಆ ದಿನದ ಕೂಲಿ ಹೋಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಗಂಜ್‌ನ ಒಬ್ಬ ಗುಮಾಸ್ತ
ಕಲಬುರಗಿ